ದರ್ಜಿಯ ಬೆನ್ನು

"ಇದು ಅವರದ್ದೇನಾ?" ಎನ್ನುತ್ತ ದರ್ಜಿಯ ಹೆಂಡತಿ ಪ್ರಯೋಗಾಲಯದ ಮೇಜಿನ ಮೇಲೆ ಬಗ್ಗಿದಳು. ಎರಡು ಪುಟ್ಟ ಗಾಜಿನ ಬಟ್ಟಲುಗಳನ್ನು ಬಾಯಿಗೆ ಬಾಯಿ ಕೂಡಿಸಿ ಕ್ಲಿಪ್ ಹಾಕಿದ್ದರು. ಅವುಗಳ ನಡುವೆ ಬಿಗಿಯಾಗಿ ಕೂತಿದ್ದ ಚರ್ಮದ ತುಂಡು ನಾಣ್ಯದಷ್ಟಗಲವಿತ್ತು.

ಸತ್ತವರಿಂದ ದಾನ ಬಂದ ಚರ್ಮ ಎಲ್ಲಿಗೆ ಹೋಯಿತೆಂದು ಮನೆಯವರಿಗೆ ಹೇಳುವ ಹಾಗಿರಲಿಲ್ಲ. ಆದರೆ ಆಸ್ಪತ್ರೆಯ ಆಯಾ ಬಾಯಿಬಿಟ್ಟಿದ್ದಳು, ಈಕೆ ಬಸ್ಸು ಹಿಡಿದು ಬಂದೇಬಿಟ್ಟಿದ್ದಳು. ಬಾಗಿಲಲ್ಲಿ ನಿಂತವಳನ್ನು ಹೊರಗೆ ಕಳಿಸಲು ಸಂಶೋಧಕಿಗೆ ಮನಸ್ಸಾಗಲಿಲ್ಲ.

"ಬೆನ್ನಿನದು ಅಂತಷ್ಟೇ ಗೊತ್ತು," ಎಂದಳು.

"ನನಗೆ ಗೊತ್ತಾಗಲ್ವಾ? ಆ ಬೆನ್ನು ಉಜ್ಜಿ ಉಜ್ಜಿ ನನ್ನ ಕೈ ಸವೆದಿದೆ. ಈ ಮಚ್ಚೆ ಅವರದ್ದೇ. ಇಲ್ಲೇನಮ್ಮ ಕೆಲಸ ಇವರಿಗೆ?"

"ಮೇಲಿನ ಬಟ್ಟಲಲ್ಲಿರೋದು ನೋವಿನ ಮದ್ದು. ಸುಮ್ಮನೆ ಹಚ್ಚಿದರೆ ಒಳಗೆ ಹೋಗಲ್ಲ, ಮೇಲೇ ಕೂತಿರುತ್ತೆ. ಅದಕ್ಕೇ ಒಂದು ಜಿಡ್ಡಿನ ಬಾಲ ಅಂಟಿಸಿದ್ದೀನಿ. ಜಿಡ್ಡಿಗೆ ಚರ್ಮ ದಾರಿ ಬಿಡುತ್ತೆ. ಆದರೆ ಬಾಲ ಇರೋವರೆಗೂ ಮದ್ದು ನಿದ್ದೆಯಲ್ಲಿರುತ್ತೆ, ನೋವಿನ ತಂಟೆಗೆ ಹೋಗಲ್ಲ. ಒಳಗೆ ಇಳಿಯುವಾಗ ಚರ್ಮಾನೇ ಆ ಬಾಲ ಕತ್ತರಿಸಬೇಕು. ಆಗ ಎಚ್ಚರ ಆಗುತ್ತೆ."

"ಸತ್ತವರ ಚರ್ಮವೂ ಕತ್ತರಿಸುತ್ತಾ?"

"ಒಂದೆರಡು ದಿನ. ಆಮೇಲೆ ಇಲ್ಲ."

ದರ್ಜಿಯ ಹೆಂಡತಿ ಬಟ್ಟಲಿನ ಗಾಜನ್ನು ಬೆರಳಿನಿಂದ ಸವರಿದಳು. ಕೊನೆಗಾಲದಲ್ಲಿ ಗಂಡನ ಗಂಟಲು ಕಟ್ಟಿಹೋಗಿತ್ತು. ಮಾತ್ರೆಯಿರಲಿ, ಗುಟುಕು ನೀರೂ ಇಳಿಯುತ್ತಿರಲಿಲ್ಲ. ನೋವಿಗೆ ಗೋಡೆ ಪರಚುತ್ತಿದ್ದವನು, ನುಂಗಲಾರದ ಇನ್ನೊಬ್ಬರಿಗಾದರೂ ಆಗಲಿ ಎಂದು ಹಚ್ಚುವ ಮದ್ದಿನ ಪರೀಕ್ಷೆಗೆ ಚರ್ಮ ಬರೆದುಕೊಟ್ಟಿದ್ದ. ಅದು ದಂಡವಾಗಲಿಲ್ಲ ಎಂಬ ಒಂದು ಮಾತಿಗಾಗಿ ಇವಳು ಇಷ್ಟು ದೂರ ಬಂದಿದ್ದಳು.

"ಕತ್ತರಿಸ್ತಿದ್ದಾರಾ?" ಎಂದು ಕೇಳಿದಳು.

ಸಂಶೋಧಕಿ ಯಂತ್ರದ ಪರದೆಯ ಕಡೆ ನೋಡಿದಳು. ಬೆಳಗಿನಿಂದ ಕೆಳಗಿನ ಬಟ್ಟಲಿಗೆ ಇಳಿದದ್ದೆಲ್ಲ ಬಾಲದ ಸಮೇತವೇ ಇಳಿದಿತ್ತು. ಉದ್ದನೆಯ ಬಾಲ, ಗಿಡ್ಡ ಬಾಲ, ಕವಲು ಬಾಲ ಎಲ್ಲ ಅಂಟಿಸಿ ನೋಡಿ ಆಗಿತ್ತು. ಇದು ಕೊನೆಯದು. ಸಂಜೆಯೊಳಗೆ ಇದೂ ಕೈಕೊಟ್ಟರೆ ಈ ಮದ್ದಿನ ಗೋಜೇ ಬೇಡ ಎಂದು ಮೇಲಿನವರು ಹೇಳಿಯಾಗಿತ್ತು.

"ಇನ್ನೂ ಇಲ್ಲಮ್ಮ," ಎಂದಳು.

ದರ್ಜಿಯ ಹೆಂಡತಿ ಅಳಲಿಲ್ಲ. ಸೊಂಟಕ್ಕೆ ಕೈಕೊಟ್ಟು ನಿಂತಳು. "ಸತ್ತರೂ ಬುದ್ಧಿ ಬಿಟ್ಟಿಲ್ಲ ನೋಡಿ. ಮದುವೆಗೆ ಅಂತ ಕೊಟ್ಟ ಅಂಗಿ ಮಗು ಹುಟ್ಟಿದ ಮೇಲೆ ಕೊಡ್ತಿದ್ದ ಆಸಾಮಿ. ಹಿಂದೆ ನಿಂತು ನಾನು ಬಾಯಿ ಮಾಡಿದರೇನೇ ಕತ್ತರಿ ಕೈಗೆತ್ಕೊಳ್ಳೋದು." ಮತ್ತೆ ಬಟ್ಟಲಿನ ಮೇಲೆ ಬಗ್ಗಿದಳು. "ಏನ್ರೀ, ನಿಮಗೇ ಹೇಳ್ತಿರೋದು. ಈ ಹುಡುಗಿ ಬೆಳಗಿನಿಂದ ಕಾಯ್ತಾ ಕೂತಿದ್ದಾಳೆ. ಶುರು ಹಚ್ಕೊಳ್ಳಿ. ನಾನು ಸಾಕು ಅನ್ನೋವರೆಗೂ ಏಳಬೇಡಿ!"

ಆಕೆ ಹೊರಟುಹೋದ ಮೇಲೆ ಸಂಶೋಧಕಿ ನಕ್ಕು, ಕೆಳಗಿನ ಬಟ್ಟಲಿನಿಂದ ಮತ್ತೊಂದು ಹನಿ ತೆಗೆದು ಯಂತ್ರಕ್ಕೆ ಕೊಟ್ಟಳು. ಪರದೆಯಲ್ಲಿ ಗೆರೆ ಎದ್ದಿತು. ಬಾಲವಿಲ್ಲದ ಮದ್ದು. ಮುಂದಿನ ಹನಿಯಲ್ಲಿ ಇನ್ನಷ್ಟು. ಚರ್ಮ ಹದಕ್ಕೆ ಬರಲು ಹೊತ್ತು ಹಿಡಿದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಮೇಲಿನವರು ಬಂದು ಕೈ ಕುಲುಕಿದರು. ಅವಳ ಮದ್ದು ಉಳಿಯಿತು.

ಚರ್ಮದ ಕೆಲಸ ಮಾತ್ರ ನಿಲ್ಲಲಿಲ್ಲ. ಬೇರೆಯವರ ತುಂಡುಗಳು ಒಂದೆರಡು ದಿನಕ್ಕೆ ಬಿಳಿಚಿ, ವಾಸನೆ ಹಿಡಿದು, ಸುಡಲು ಕಳಿಸುವ ಕಸದ ಚೀಲ ಸೇರುತ್ತಿದ್ದವು. ಇದು ವಾರಗಳು ಕಳೆದರೂ ಈಗಷ್ಟೇ ಸ್ನಾನ ಮಾಡಿ ಬಂದವರ ಮೈಯಂತಿತ್ತು. ಬಟ್ಟಲಿಗೆ ಕಾವು ಕೊಡುವ ಬಿಸಿನೀರಿನ ಕೊಳವೆ ಬಂದ್ ಮಾಡಿದಳು. ಬಟ್ಟಲು ಬೆಚ್ಚಗೇ ಇತ್ತು. ತುಂಡನ್ನು ಬಿಚ್ಚಿ, ಹಾಳೆಯಲ್ಲಿ ಸುತ್ತಿ, ಫ್ರೀಜರಿನಲ್ಲಿಟ್ಟಳು. ಮರುದಿನ ಬಾಗಿಲು ತೆಗೆದರೆ, ಅದು ಕೂತಿದ್ದ ಜಾಗದಲ್ಲಷ್ಟೇ ಮಂಜು ಕರಗಿ ಒಂದು ದುಂಡನೆಯ ಗುಳಿ ಬಿದ್ದಿತ್ತು. ಅದನ್ನು ಮತ್ತೆ ಬಟ್ಟಲಿಗೆ ಬಿಗಿದು ಒಂದು ಹನಿ ಮದ್ದು ಬಿಟ್ಟಳು. ಕೆಳಗೆ ಇಳಿದದ್ದರಲ್ಲಿ ಒಂದಕ್ಕೂ ಬಾಲವಿರಲಿಲ್ಲ.

ಕೊನೆಗೆ ಸುಡುವ ಚೀಲದ ಬಾಯಿ ಬಿಚ್ಚಿ, ಇಕ್ಕಳದಲ್ಲಿ ತುಂಡನ್ನು ಹಿಡಿದು ನಿಂತಳು. ಕೈ ಮುಂದೆ ಹೋಗಲಿಲ್ಲ. ದುಡಿಯುತ್ತಿರುವ ಮನುಷ್ಯನನ್ನು ಉರಿಗೆ ಹಾಕುವುದು ಹೇಗೆ? ಅದನ್ನು ಮೆಲ್ಲಗೆ ಬಟ್ಟಲಿನಲ್ಲಿಟ್ಟು, ದರ್ಜಿಯ ಮನೆಗೆ ಫೋನು ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು. ತನ್ನ ಮಾತು ತನಗೇ ಹುಚ್ಚಾಗಿ ಕೇಳಿಸಿತು.

"ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ. ಒಂದ್ಸಲ ಬಂದು ಸಾಕು ಅಂತ ಹೇಳಿ ಹೋಗಿ."

"ಬೇಡ ಕಣಮ್ಮ," ಎಂದಳು ದರ್ಜಿಯ ಹೆಂಡತಿ. "ಕೆಲಸ ಮುಗೀತು ಅಂದರೆ ಅವರು ಎಲ್ಲೂ ನಿಲ್ಲೋರಲ್ಲ, ಸೀದಾ ಮನೆಗೆ ಬರ್ತಾರೆ. ನಾನು ಈಗ ತಾನೆ ಒಬ್ಬಳೇ ಮಲಗೋದು ರೂಢಿ ಮಾಡ್ಕೊಂಡಿದ್ದೀನಿ."