ಜೋಳದ ಚೀಲದ ಹಿಂದಿನ ಭರಣಿ

ಹುಳಿ ಬಂದ ದ್ರಾಕ್ಷಿಯ ವಾಸನೆ ಬಡಿದರೆ ಈಗಲೂ ನನಗೆ ಕೂತಲ್ಲಿ ಕೂಡಲಾಗುವುದಿಲ್ಲ.

ಬೆಟಗೇರಿಯ ನಮ್ಮ ನೆರೆಮನೆಯ ರೂತಕ್ಕ, ತನ್ನ ತಗಡಿನ ಮನೆ ಬಿಸಿಲಿಗೆ ಕಾಯುತ್ತದೆಂದು, ಕ್ರಿಸ್‌ಮಸ್ಸಿಗೆ ಮಾಡಿದ ವೈನಿನ ಭರಣಿಯನ್ನು ನಮ್ಮ ಮಣ್ಣಿನ ಮನೆಯಲ್ಲಿ ತಂದಿಟ್ಟಿದ್ದಳು. ಅವ್ವ ಮುಚ್ಚಳದ ಮೇಲೆ ಅರಿವೆ ಬಿಗಿದು, ಜೋಳದ ಚೀಲಗಳ ಹಿಂದೆ ಬಚ್ಚಿಟ್ಟಳು.

"ಅಜ್ಜಗ ಗೊತ್ತಾದ್ರ ನಮ್ಮನ್ನ ಮನೀ ಹೊರಗ ಹಾಕ್ತಾರ," ಎಂದಳು. ಅಜ್ಜ ಲಿಂಗಪೂಜೆಯಾಗದೆ ನೀರೂ ಮುಟ್ಟದವರು.

ಒಂದು ಮಧ್ಯಾಹ್ನ ಅಜ್ಜ ಊಟಕ್ಕೆ ಕೂತಾಗಲೇ ಜೋಳದ ಕೋಣೆಯೊಳಗೆ ಭರಣಿ ಬುಸುಗುಡತೊಡಗಿತು. ಸದ್ದು ಅಡಗಿಸಲು ನಾನು ಗಂಟಲು ಹರಿಯುವಂತೆ ಮಗ್ಗಿ ಒದರಿದೆ. ಅಜ್ಜ ಕೈತೊಳೆದು ನೆಟ್ಟಗೆ ಆ ಕೋಣೆಗೇ ಹೋದರು. ಅವ್ವನ ರೊಟ್ಟಿ ಹಂಚಿನ ಮೇಲೆ ಕರಕಾಯಿತು.

"ಮುಚ್ಚಳ ಇಷ್ಟು ಬಿಗಿ ಕಟ್ಟಬಾರದವಾ, ಭರಣಿ ಒಡದೀತು," ಎಂದರು ಒಳಗಿನಿಂದ. "ಸಡ್ಲ ಮಾಡೇನಿ."