ಚಾಕುವಿನ ಬಾಲ

ನಾಟಕದ ಬೆಳಗಿನ ತಾಲೀಮಿನಲ್ಲಿ ಅರಮನೆಯ ಚಿತ್ರವಿದ್ದ ಪರದೆ ಅರ್ಧಕ್ಕೇ ನಿಂತಿತು. ರಂಗದ ಮೇಲಿನ ಅಟ್ಟದಲ್ಲಿ ಪರದೆ ಇಳಿಸುತ್ತಿದ್ದ ಹಗ್ಗದಣ್ಣ ಯಾರೋ ನಡು ಹಿಡಿದು ಎಳೆದಂತೆ ರಾಟೆಯತ್ತ ಮುಗ್ಗರಿಸಿದ. ಜೇಬಿನ ಮಡಚುವ ಚಾಕು ಕೆಳಗೆ ಬೀಳದಿರಲೆಂದು ಅದಕ್ಕೂ ಸೊಂಟದ ಬೆಲ್ಟಿಗೂ ಒಂದು ದಾರ ಕಟ್ಟಿಕೊಂಡಿದ್ದ. ಆ ದಾರ ಪರದೆಯ ಹಗ್ಗಕ್ಕೆ ಸುತ್ತಿಕೊಂಡು ರಾಟೆಯೊಳಗೆ ಹೊಕ್ಕಿತ್ತು. ಪಕ್ಕದಲ್ಲೇ ದೀಪ ತಿರುಗಿಸುತ್ತಿದ್ದವನು ಹಾರಿಬಂದು ಅವನನ್ನು ಹಿಂದಕ್ಕೆ ಜಗ್ಗಿದ್ದರಿಂದ ಬೆರಳುಗಳು ರಾಟೆಗೆ ಸಿಗದೆ ಉಳಿದವು.

ನೆಟ್ಟಗೆ ನಿಂತದ್ದೇ ಹಗ್ಗದಣ್ಣ ಚಾಕು ಬಿಚ್ಚಿ ದಾರವನ್ನು ಕಚಕ್ಕೆಂದು ಕೊಯ್ದು ಬಿಸಾಡಿದ.

"ಅಣ್ಣಾ, ದಾರ ಉದ್ದ ಆಗಿದ್ರೆ ಗಿಡ್ಡ ಮಾಡ್ಕೋ. ತೆಗೆದೇ ಹಾಕಿದ್ರೆ ಹೇಗೆ? ಕೆಳಗೆ ಜನ ಇರ್ತಾರೆ," ಎಂದ ದೀಪದವನು.

"ಮೇಲಿರೋ ನಾನೇನು ಮರದ ಬೊಂಬೆನಾ? ಈ ಹಗ್ಗದ ಕಾಡಲ್ಲಿ ಇನ್ನೊಂದು ಹಗ್ಗ ಯಾಕಪ್ಪಾ? ಚಾಕುಗೆ ಬಾಲ ಕಟ್ಟಿದ್ದೇ ತಪ್ಪು."

"ಕೈ ಜಾರಿದ್ರೆ?"

"ಸಿಕ್ಕಿಹಾಕ್ಕೊಂಡಿದ್ದನ್ನ ಕಣ್ಣಾರೆ ಕಂಡಾಯ್ತು. ಜಾರೋದನ್ನ ಕಂಡೋರು ಯಾರು?"

ಮಾತಿಗೆ ಮಾತು ಕೊಟ್ಟನೇನೋ ನಿಜ, ಆಮೇಲೆ ಮಾತ್ರ ಒಂದೆಡೆ ಕೂತರೆ ಕೇಳಿ. ಚಾಕುವನ್ನು ಬಲ ಜೇಬಿನಿಂದ ಎಡಕ್ಕೆ ಹಾಕಿದ, ಎಡದಿಂದ ಮತ್ತೆ ಬಲಕ್ಕೆ. ಏಣಿ ಇಳಿದು ನೀರು ಕುಡಿದ, ಹತ್ತಿ ಬಂದ, ಯಾಕೆ ಇಳಿದೆನೆಂದು ಮರೆತು ಮತ್ತೆ ಇಳಿದ. ದಾರ ಇದ್ದಾಗ ಚಾಕುವಿನ ನೆನಪೇ ಇರುತ್ತಿರಲಿಲ್ಲ. ಈಗ ಕೈ ಘಳಿಗೆಗೊಮ್ಮೆ ಜೇಬಿಗೇ ಓಡುತ್ತಿತ್ತು. ಬೇರೆ ದಿನವಾಗಿದ್ದರೆ ಇಷ್ಟು ತಳಮಳ ಇರುತ್ತಿರಲಿಲ್ಲವೇನೋ. ಇವತ್ತು ಸಂಜೆ ಕೆಳಗೆ ಸಿಂಹಾಸನದ ಮೇಲೆ ಕೂರುವವಳು ಅವನ ಮಗಳು. ಇಷ್ಟು ವರ್ಷ ಬಾಗಿಲು ತೆರೆಯುವ ದಾಸಿಯಾಗಿ ಒಂದು ಮಾತೂ ಆಡದೆ ನಿಂತಿದ್ದವಳು, ಮೊದಲ ಸಲ ರಾಣಿಯಾಗಿದ್ದಳು.

ಸಂಜೆ ಸಭಾಂಗಣ ತುಂಬಿತು. ಮೂರನೆಯ ಅಂಕದಲ್ಲಿ ಗಂಡನನ್ನು ಕಳೆದುಕೊಂಡ ರಾಣಿ ಒಬ್ಬಳೇ ಕೂತು ಆಕಾಶವನ್ನು ಪ್ರಶ್ನಿಸಬೇಕು, ಆಗ ಅವಳ ಹಿಂದೆ ಕಪ್ಪು ಮೋಡದ ಬಟ್ಟೆ ಇಳಿಯಬೇಕು. ಹಗ್ಗದಣ್ಣ ಎಳೆದ. ಮೋಡ ಅಲುಗಲಿಲ್ಲ. ಬಟ್ಟೆಯನ್ನು ಸುತ್ತಿ ಕಟ್ಟಿದ್ದ ಸೆಣಬಿನ ಗಂಟು ಬಿಚ್ಚಿಕೊಳ್ಳುವ ಬದಲು ಬಿಗಿದು ಕೂತಿತ್ತು. ಆ ಗಂಟಿಗೆ ಕೈ ಚಾಚಬೇಕಾದರೆ ಸರಿಯಾಗಿ ಮಗಳ ನೆತ್ತಿಯ ಮೇಲೆ ಬಾಗಬೇಕಿತ್ತು.

ಅವನು ಕಂಬಿಯ ಮೇಲೆ ಹೊಟ್ಟೆ ಊರಿ ಮುಂದಕ್ಕೆ ಬಾಗಿದ್ದನ್ನು ಕಂಡು ದೀಪದವನು ಪಿಸುಗುಟ್ಟಿದ: "ಬಿಡಣ್ಣಾ! ಮೋಡ ಬರ್ಲಿಲ್ಲ ಅಂದ್ರೆ ಆಕಾಶವೇನೂ ಕಳಚಿ ಬೀಳಲ್ಲ."

"ನನ್ನ ಮಗಳ ನಾಟಕ ಕಣೋ ಇದು. ಮೋಡ ಬರ್ಲೇಬೇಕು."

ಚಾಕು ಬಿಚ್ಚಿದ. ಹಿಡಿ ಬೆವರಿನಿಂದ ನುಣ್ಣಗಾಗಿತ್ತು. ಒಂದೆಳೆ ಕೊಯ್ದ, ಇನ್ನೊಂದೆಳೆ ಕೊಯ್ದ. ಮೂರನೆಯದನ್ನು ಕೊಯ್ಯುವ ಮೊದಲೇ ಅದು ತಾನಾಗಿ ಹರಿದು, ಬಟ್ಟೆಯ ಭಾರವೆಲ್ಲ ಒಮ್ಮೆಲೇ ಬಿಚ್ಚಿಕೊಂಡು ಅವನ ಮಣಿಕಟ್ಟಿಗೆ ರಪ್ಪನೆ ಬಡಿಯಿತು. ಚಾಕು ಕೈಜಾರಿತು. ಯೋಚನೆ ಬರುವ ಮೊದಲೇ ಎಡಗೈ ಅದರತ್ತ ಚಾಚಿತ್ತು. ಗಾಳಿಯಲ್ಲಿ ಸಿಕ್ಕಿದ್ದನ್ನು ಸಿಕ್ಕ ಹಾಗೆ ಹಿಡಿಯಿತು. ಸಿಕ್ಕಿದ್ದು ಅಲಗು.

ಅವನು ಮುಷ್ಟಿ ಸಡಿಲಿಸಲಿಲ್ಲ, ಉಸಿರೂ ಬಿಡಲಿಲ್ಲ. ಬೆರಳ ಸಂದಿಯಿಂದ ಒಂದು ಹನಿ ಇಳಿದು, ದೀಪದ ಬೆಳಕನ್ನು ಹಾಯ್ದು, ಮೇಲೆ ಮುಖವೆತ್ತಿ ಕೂತಿದ್ದ ರಾಣಿಯ ಕೆನ್ನೆಗೆ ಬಿತ್ತು. ಅವಳು ಅದನ್ನು ಬೆರಳಿನಿಂದ ಒರೆಸಿ, ಬೆರಳು ನೋಡಿಕೊಂಡು, "ನೀನೂ ಅಳುತ್ತೀಯಾ?" ಎಂದು ಆಕಾಶವನ್ನು ಕೇಳಿದಳು. ಬರೆದಿರದ ಮಾತು. ಜನ ಚಪ್ಪಾಳೆ ತಟ್ಟಿದರು. ಮೇಲೆ ದೀಪದವನು ತನ್ನ ಅಂಗಿಯನ್ನೇ ಬಿಚ್ಚಿ ಆ ಮುಷ್ಟಿಗೆ ಸುತ್ತಿದ.

ಪರದೆ ಬಿದ್ದದ್ದೇ ತಡ, ಮಗಳು ರಾಣಿಯ ವೇಷದಲ್ಲೇ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಅಂಗೈಗೆ ಹೊಲಿಗೆ ಬಿತ್ತು. ಬೆಂಚಿನ ಮೇಲೆ ಇಬ್ಬರೂ ಪಕ್ಕಪಕ್ಕ ಕೂತರು. ಆಚೆ ಈಚೆ ಹೋಗುವವರೆಲ್ಲ ಕಿರೀಟವನ್ನೇ ನೋಡುತ್ತಿದ್ದರು. ಹಗ್ಗದಣ್ಣನನ್ನು ಮಾತ್ರ ನೋವಿಗಿಂತ ಹೆಚ್ಚಾಗಿ ಒಂದು ಪ್ರಶ್ನೆ ಕುಟುಕುತ್ತಿತ್ತು.

"ಚಾಕು ಜಾರಿದ್ದನ್ನ ನೀನು ನೋಡಿದ್ಯಾ ಮಗಳೇ?"

"ನೋಡಿದೆ. ಮೇಲಕ್ಕೇ ತಾನೇ ನೋಡ್ತಾ ಇದ್ದೆ."

"ಮತ್ತೆ... ಪಕ್ಕಕ್ಕೆ ಸರೀಬಾರದಿತ್ತಾ? ಒಂದು ಗೇಣು ಸರಿದಿದ್ರೆ ಸಾಕಿತ್ತು."

ಅವಳು ಕಣ್ಣಿನ ಕಾಡಿಗೆಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ, ಇದೇನು ಕೇಳುವ ಮಾತೇ ಎನ್ನುವಂತೆ ಅವನತ್ತ ತಿರುಗಿದಳು.

"ಮೇಲೆ ಇದ್ದಿದ್ದು ನೀನಲ್ವೇನಪ್ಪಾ?"