ಟೈಲ್ಸ್ ಅಂಗಳದ ಹೇಂಟೆಗಳು

ಅಂಗಳದ ಮೂಲೆಯಲ್ಲಿ ಬೋರಲು ಹಾಕಿದ್ದ ಬಿದಿರಿನ ಬುಟ್ಟಿ ಎತ್ತಿದ ಕೂಡಲೇ ಬಡಿದ ನಾತಕ್ಕೆ ಅಂಜನಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ರಾಮಸಮುದ್ರದ ತವರಿನಿಂದ ತಂದ ಎರಡು ಹೇಂಟೆಗಳು ತಮ್ಮದೇ ಹಿಕ್ಕೆಯಲ್ಲಿ ಕಾಲು ಹುಗಿದುಕೊಂಡು ನಿಂತಿದ್ದವು. ಒಂದು ಇನ್ನೊಂದರ ಬೆನ್ನಿನ ಪುಕ್ಕ ಕಿತ್ತಿತ್ತು. ಬೋಳು ಚರ್ಮದಿಂದ ರಕ್ತ ಜಿನುಗುತ್ತಿತ್ತು. ಅಂಗಳಕ್ಕೆ ಟೈಲ್ಸ್ ಹಾಸಿ ತಿಂಗಳಾಗಿತ್ತು, ಕೋಳಿಗಳು ಬುಟ್ಟಿ ಸೇರಿಯೂ ತಿಂಗಳಾಗಿತ್ತು. ಅತ್ತೆ ಬಾಲಮ್ಮ ದೇವರ ಫೋಟೋ ಒರೆಸುವುದು ವಾರಕ್ಕೊಮ್ಮೆ, ಟೈಲ್ಸ್ ಮಾತ್ರ ದಿನಕ್ಕೆರಡು ಸಲ.

“ಮುಚ್ಚ ಲಗೂನ! ಟೈಲ್ಸ್ ಹೊಲಸಾಗ್ತಾವ,” ಬಾಲಮ್ಮ ಬಾಗಿಲಿನಿಂದಲೇ ಕೂಗಿದಳು. “ಸಂಜಿಮುಂದ ಹತ್ತ ನಿಮಿಷ ಬಿಡ್ತೀವಲ್ಲ, ಸಾಲದೇನು?”

“ಹತ್ತ ನಿಮಿಷದಾಗ ಅವು ಮೈ ಝಾಡಿಸೂದ ಮುಗಿಯಂಗಿಲ್ರಿ ಅತ್ತಿ. ಹಿತ್ತಲದಾಗ ಮಣ್ಣು ಅದ, ದಿನಪೂರ್ತಿ ಕೆದರಿಕೋತ ತಿರಗಲಿ.”

“ತಿರಗಿ ತಿರಗಿ ಇಲ್ಲಿಗೇ ಬರ್ತಾವ. ಥೂ, ಈ ನಾತಕ್ಕ ವಾಕರಿಕಿ ಬರಾಕತ್ತದ. ಬುಟ್ಟಿ ಮುಚ್ಚಿ ಜಳಕಕ್ಕ ನೀರ ಕಾಸು.”

“ಹೂನ್ರಿ,” ಎಂದಳು ಅಂಜನಾ. ಹೇಂಟೆಗಳನ್ನು ಎರಡೂ ಕಂಕುಳಲ್ಲಿ ಅವಚಿ ಹಿತ್ತಲಿಗೆ ಒಯ್ದು ಬಿಟ್ಟಳು. ಬುಟ್ಟಿಯನ್ನು ಕಾಲಿನಿಂದ ತುಳಿದು ಮುರಿದು, ನೀರೊಲೆಗೆ ತುರುಕಿದಳು. ಬಿದಿರು ಚಟಚಟ ಉರಿಯಿತು.

ಟವೆಲ್ ಹಿಡಿದು ಬಂದ ಬಾಲಮ್ಮ ಅಂಗಳವನ್ನೊಮ್ಮೆ ನೋಡಿದಳು. “ಬುಟ್ಟಿ ಎಲ್ಲಿ ಹೋತು?”

“ನೀರ ಕಾದಾವ್ರಿ ಅತ್ತಿ. ಮೈತುಂಬ ಜಳಕ ಮಾಡ್ರಿ.”